ಸಿಹಿನೀರ ಬಾವಿಯ ಸುತ್ತಲಿನ ತಿಪ್ಪೆಗಳು

ಸಫಾಯಿ ಕೆಲಸಕ್ಕೆ ಹೊಸದಾಗಿ ಸೇರಿರುವ ಹಾಗೂ ಮುಂದೆ ಸೇರಲಿರುವ ತರುಣರ ಅವಗಾಹನೆಗೆ, ನಿವೃತ್ತ ಸಫಾಯಿ ದಾರೋಗಾ ಆದ ನಾನು ಸವಿನಯವಾಗಿ ನಿವೇದಿಸಿಕೊಳ್ಳುವ ಸಂಗತಿಗಳು ಈ ಕೆಳಗಿನಂತಿವೆ.

ಮೊದಲಿಗೆ ಒಂದು ಅರಿಕೆ. ನೌಕರಿಯ ಉದ್ದಕ್ಕೂ ನಾನು ವರದಿಗಳನ್ನು ಬರೆದಿದ್ದೇನೆ. ಆದರೆ ಅವೆಲ್ಲ ಉರ್ದುವಿನಲ್ಲಿ, ಮೇಲಿನವರೊಬ್ಬರನ್ನು ಉದ್ದೇಶಿಸಿ ಬರೆದವು. ಕನ್ನಡದಲ್ಲಿ, ಅದೂ ನನಗಿಂತ ಕಿರಿಯರನ್ನು ಉದ್ದೇಶಿಸಿ ಬರೆಯುತ್ತಿರುವುದು ಇದೇ ಪ್ರಥಮ. ಮೇಲಿನವರಿಗೆ ಬರೆಯುವಾಗ ಯಾವುದನ್ನು ಬಿಡಬೇಕೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಕಿರಿಯರಿಗೆ ಬರೆಯುವಾಗ ಏನನ್ನು ಬಿಡಬೇಕೆಂದು ತಿಳಿಯದು. ಆದ್ದರಿಂದ ಬಡ್ತಿ, ವರ್ಗಾವಣೆಯ ವಿವರಗಳನ್ನಷ್ಟೇ ಬಿಟ್ಟು ಉಳಿದುದನ್ನು ಬರೆಯುತ್ತೇನೆ. ತಪ್ಪಿದ್ದರೆ ಮನ್ನಿಸಬೇಕು.

ನಿಜಾಮರ ಆಡಳಿತದ ಕಾಲದಲ್ಲಿ ಸಫಾಯಿ ದಾರೋಗಾ ಎಂದರೆ ಊರಿನ ಓಣಿಗಳನ್ನು ಗುಡಿಸುವ ಕೆಲಸ ಮಾಡಿಸುವವನು, ಕಸ ಸಾಗಿಸುವವನು, ಬಾವಿಗಳ ಸುತ್ತ ಹೊಲಸಾಗದಂತೆ ನೋಡಿಕೊಳ್ಳುವವನು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ಕಡೆ ನಾನು ಈ ಕೆಲಸ ಮಾಡಿದೆ. ಹುದ್ದೆ ಒಂದೇ, ಹುಕುಮು ಒಂದೇ. ನೆಲ ಮಾತ್ರ ಬೇರೆ ಬೇರೆಯಾಗಿತ್ತು. ನನಗೆ ಬಂದ ತೊಂದರೆಗಳೆಲ್ಲ ಅದರಿಂದಲೇ ಬಂದವು.

ಆಗಿನ ಮನೆಗಳಿಂದ ಹೊರಬೀಳುವ ಕಸ ಈಗಿನ ಕಸದಂತಿರಲಿಲ್ಲ ಎಂಬುದನ್ನು ತರುಣರು ಗಮನಿಸಬೇಕು. ಹರಿದ ಸೀರೆ ಕೌದಿಯಾಗುತ್ತಿತ್ತು. ಒಡೆದ ಬಳೆ ಬಳೆಗಾರನ ಚೀಲಕ್ಕೆ ಹೋಗುತ್ತಿತ್ತು. ಮುರಿದ ನೇಗಿಲ ಕುಡ ಕಮ್ಮಾರನ ಕುಲುಮೆ ಸೇರುತ್ತಿತ್ತು. ಒಲೆಯ ಬೂದಿಯಲ್ಲಿ ಸ್ವಲ್ಪ ಪಾತ್ರೆ ಬೆಳಗಲಿಕ್ಕೆ, ಸ್ವಲ್ಪ ಹುಳ ಹತ್ತದಂತೆ ಬೀಜದ ಜೋಳದಲ್ಲಿ ಬೆರೆಸಲಿಕ್ಕೆ. ಇವೆಲ್ಲ ಕಳೆದು ಉಳಿದುದು, ಸೆಗಣಿಯೊಂದಿಗೆ, ಮನೆಯ ಮುಂದಿನ ಅಥವಾ ಹಿತ್ತಲಿನ ತಿಪ್ಪೆಗೆ. ತಿಪ್ಪೆ ಎಂದರೆ ಕಸವಲ್ಲ. ಬರುವ ವರ್ಷದ ಹೊಲದ ಊಟ. ದೀಪಾವಳಿಯಲ್ಲಿ ಅದರ ಮೇಲೊಂದು ಹಣತೆ ಹಚ್ಚಿಡುತ್ತಿದ್ದರು. ನಮ್ಮ ಕಚೇರಿಯ ಕಾಗದಗಳಲ್ಲಿ ಮಾತ್ರ ಅದಕ್ಕೆ ‘ಗಲೀಜು’ ಎಂಬ ಹೆಸರಿತ್ತು. ಕಾಗದ ಮತ್ತು ಓಣಿ ಒಂದಕ್ಕೊಂದು ಹೊಂದದೆ ಹೋದುದು ಅಲ್ಲಿಂದಲೇ.

ಆಳಂದದಲ್ಲಿ ನಾನು ಇದ್ದ ಭಾಗ ಏರು. ಕಲ್ಲಿನ ಮನೆಗಳು, ಕಲ್ಲಿನ ಓಣಿಗಳು, ಎರಡು ಕೈ ಚಾಚಿದರೆ ಎರಡೂ ಗೋಡೆಗೆ ತಾಗುವಷ್ಟು ಅಗಲ. ಬಂಡಿ ಹೋಗುವ ಮಾತೇ ಇಲ್ಲ. ಕತ್ತೆಗಳ ಮೇಲೆ ಜೋಡಿ ಬುಟ್ಟಿ ಹೇರಿ ಕಸ ಇಳಿಸುತ್ತಿದ್ದೆವು. ಕಚೇರಿ ಕೆಳಗಿನ ಪೇಟೆಯಲ್ಲಿದ್ದುದರಿಂದ ನಾನು ಕೆಳಗಿನಿಂದಲೇ ಕೆಲಸ ಆರಂಭಿಸುವ ಏರ್ಪಾಡು ಮಾಡಿದೆ. ಕೆಳಗೆ ಗುಡಿಸಿ ಮೇಲೆ ಹತ್ತುವಷ್ಟರಲ್ಲಿ ಮೇಲಿನವರು ಚೆಲ್ಲಿದ ಮುಸುರಿ ನೀರು, ಬೂದಿ, ಹೊಟ್ಟು ಗುಡಿಸಿದ ಓಣಿಗೇ ಇಳಿದಿರುತ್ತಿತ್ತು. ಕೆಳಗಿನವರು ತಕರಾರು ಅರ್ಜಿ ಕೊಟ್ಟರು. ನಾನು ಮೇಲಿನ ಓಣಿಯ ಒಬ್ಬ ಹೆಣ್ಣುಮಗಳನ್ನು ವಿಚಾರಿಸಿದೆ. ಆಕೆ ಸೊಂಟದ ಮೇಲೆ ಕೈ ಇಟ್ಟು ಹೇಳಿದಳು:

“ಕಸ ನಂದು ಖರೇರಿ. ಇಳಿಜಾರು ಸರ್ಕಾರದ್ದು. ನಾ ನಮ್ಮ ಬಾಗಲದಾಗ ಚೆಲ್ಲೇನಿ. ಅದು ನಡಕೊಂತ ಕೆಳಗ ಹೋದ್ರ ನಾ ಏನ್ ಅದಕ್ಕ ಕಾಲು ಕೊಟ್ಟೇನೇನು?”

ಮರುದಿನದಿಂದ ಕತ್ತೆಗಳನ್ನು ಮೊದಲು ಮೇಲಕ್ಕೆ ಹತ್ತಿಸಿ, ಅಲ್ಲಿಂದ ಇಳಿಯುತ್ತ ಬಂದೆವು. ಅರ್ಜಿಗಳು ನಿಂತವು. ಇಷ್ಟು ಸರಳ ಸಂಗತಿ ತಿಳಿಯಲು ನನಗೊಂದು ಇಡೀ ಬೇಸಿಗೆ ಹಿಡಿಯಿತು.

ಅಫಜಲಪುರ ಕಡೆಗೆ ಬಂದ ಮೇಲೆ ಇಳಿಜಾರಿನ ಈ ಪಾಠವನ್ನು ಭದ್ರವಾಗಿ ಹಿಡಿದುಕೊಂಡೆ. ಭೀಮಾ ನದಿಯ ದಂಡೆಯ ಮಣ್ಣೂರಿಗೆ ಆಗಾಗ ತಪಾಸಣೆಗೆ ಹೋಗಬೇಕಾಗುತ್ತಿತ್ತು. ಅಲ್ಲಿ ಹೊಳೆಯೇ ಹೊಲಕ್ಕೆ ಮೆಕ್ಕಲು ಮಣ್ಣು ತಂದು ಹಾಕುವುದರಿಂದ ದಂಡೆಯ ಹೊಲದವರಿಗೆ ತಿಪ್ಪೆಯ ಮೇಲೆ ಅಷ್ಟು ಮಮತೆ ಇರಲಿಲ್ಲ. ಬೇಡವಾದುದನ್ನೆಲ್ಲ ದಂಡೆಗೆ ಒಯ್ದು ಚೆಲ್ಲುತ್ತಿದ್ದರು. ಆಗಿನ ನಮ್ಮ ಮೇಲಧಿಕಾರಿಗಳೊಬ್ಬರು ಅದನ್ನು ಕಂಡು ಮೆಚ್ಚಿ, ಊರಿನ ಸಮಸ್ತ ಕಸವನ್ನೂ ಅಲ್ಲಿಯೇ ಒಟ್ಟುವಂತೆ, ಮಹಾಪೂರ ಬಂದಾಗ ಅದು ತಾನಾಗಿ ಹೋಗುವಂತೆ ಹುಕುಮು ಹೊರಡಿಸಿದರು. ಮಹಾಪೂರ ಬಂತು. ಕಸ ಹೋಯಿತು. ಅವರು ಸಂತೋಷದಿಂದ ವರದಿ ಬರೆಸಿದರು.

ನೀರು ಇಳಿದ ಮೇಲೆ ನೋಡಿದರೆ, ಹೊಳೆ ತಿರುಗುವ ಕಡೆ, ಅದೇ ಊರಿನ ಹೆಣ್ಣುಮಕ್ಕಳು ಬಟ್ಟೆ ಒಗೆಯುವ ಬಂಡೆಗಳ ಮೇಲೆ ಅಷ್ಟೂ ಸಾಮಾನು ಒಪ್ಪವಾಗಿ ಕುಳಿತಿತ್ತು. ಒಬ್ಬ ಮುದುಕರು ತಮ್ಮ ಮನೆಯ ಮುರಿದ ಮಂಚದ ಕಾಲನ್ನು ಗುರುತು ಹಿಡಿದು ಹೆಗಲ ಮೇಲಿಟ್ಟುಕೊಂಡು ನಿಂತಿದ್ದರು.

“ಹೊಳಿ ಒಯ್ಯಂಗಿಲ್ರಿ ಸಾಬ್ರ,” ಎಂದರು, “ಎತ್ತಿ ಇಟ್ಟು ನೋಡ್ತದ. ಇದು ಯಾರದರ್ಪಾ ಅಂತ ಕೇಳ್ತದ. ನಾವು ನಮ್ಮದು ಅಂದಿವಿ, ಕೊಟ್ಟು ಹೋತು.”

ಮೇಲಧಿಕಾರಿಗಳಿಗೆ ಈ ಮಾತನ್ನು ಉರ್ದುವಿಗೆ ತರ್ಜುಮೆ ಮಾಡಿ ಹೇಳುವ ಧೈರ್ಯ ನನಗೆ ಬರಲಿಲ್ಲ. “ಸ್ಥಳ ಬದಲಾವಣೆ ಅವಶ್ಯ” ಎಂದಷ್ಟೇ ಬರೆದೆ.

ಈಗ ಜೇವರ್ಗಿಯ ಸಂಗತಿಗೆ ಬರುತ್ತೇನೆ. ಇದನ್ನು ಬರೆಯುವ ಸಲುವಾಗಿಯೇ ಮೇಲಿನದನ್ನೆಲ್ಲ ಬರೆದೆ ಎಂದರೂ ಸರಿ.

ಜೇವರ್ಗಿಯದು ಎರೆ ಭೂಮಿ, ಕಪ್ಪು ಮಣ್ಣು. ಮಳೆಗಾಲದಲ್ಲಿ ಅಂಟು, ಬಂಡಿಯ ಗಾಲಿ ಅಚ್ಚಿನವರೆಗೆ ಹೂತು ಹೋಗುತ್ತದೆ. ಬೇಸಿಗೆಯಲ್ಲಿ ಬಿರುಕು, ಕೈ ಇಳಿಯುವಷ್ಟು ಅಗಲ. ಬಾವಿ ತೋಡಿದರೆ ಬಹುಮಟ್ಟಿಗೆ ಉಪ್ಪುಪ್ಪಾದ ಸವುಳು ನೀರು. ನಾನು ಹೋದಾಗ ಊರಿನ ಒಂದು ಓಣಿಯಲ್ಲಿ ಒಂದೇ ಒಂದು ಬಾವಿಯ ನೀರು ಸಿಹಿಯಾಗಿತ್ತು. ಅದರ ಸುತ್ತ ಮನೆಗಳು, ಪ್ರತಿ ಮನೆಗೊಂದು ತಿಪ್ಪೆ. ನಾನು ಹೋಗುವ ಹಿಂದಿನ ವರ್ಷ, ಮೊದಲ ಮಳೆಯ ಬೆನ್ನಿಗೇ ಆ ಓಣಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡು ಹಲವರನ್ನು ಬಲಿ ತೆಗೆದುಕೊಂಡಿತ್ತು. ಬೇರೆ ಓಣಿಗಳಿಗೆ ಅದು ಹೋಗಿರಲಿಲ್ಲ. ಬಾವಿಗೆ ಅತ್ಯಂತ ಸಮೀಪದ ಮನೆ ಗೌರವ್ವ ಎಂಬ ಮುದುಕಿಯದು. ಆಕೆಯ ಸೊಸೆ ಆ ಸಲ ತೀರಿಕೊಂಡಿದ್ದಳು.

ಬರುವ ಮಳೆಗೆ ಮುಂಚೆ ಏನಾದರೂ ಮಾಡಬೇಕೆಂದು ತಹಶೀಲ್ದಾರ ಸಾಹೇಬರು ಸ್ವತಃ ಓಣಿಗೆ ಬಂದರು. ಹೈದರಾಬಾದಿನವರು, ಕನ್ನಡವನ್ನು ನಮ್ಮ ಕಡೆಯ ಜನರೊಂದಿಗೆ ಮಾತಾಡಿ ಮಾತಾಡಿಯೇ ಕಲಿತವರು. ಇಳಿಜಾರು ಯಾವ ಕಡೆ ಎಂದು ನನ್ನನ್ನು ಕೇಳಿದರು. ಆಳಂದದ ಅನುಭವವಿದ್ದ ನಾನು ಒಂದು ಕೊಡ ನೀರು ತರಿಸಿ ನೆಲದ ಮೇಲೆ ಸುರುವಿಸಿದೆ. ಹರಿದ ಕಡೆಯೇ ಇಳಿಜಾರು ಎಂಬುದು ನನ್ನ ಲೆಕ್ಕ. ನೀರು ಯಾವ ಕಡೆಯೂ ಹರಿಯಲಿಲ್ಲ. ಬಿರುಕಿನೊಳಗೆ ಇಳಿದು ಕಾಣೆಯಾಯಿತು. ಇನ್ನೊಂದು ಕೊಡ ಸುರುವಿದೆವು. ಅದೂ ಹೋಯಿತು.

ಸಾಹೇಬರು ಬಿರುಕನ್ನೂ ಹತ್ತಿರದ ತಿಪ್ಪೆಯನ್ನೂ ಆಮೇಲೆ ಬಾವಿಯನ್ನೂ ನೋಡಿದರು. “ದಾರೋಗಾ, ಈ ಊರಿಗೆ ಇಳಿಜಾರು ಅದ. ಪಾತಾಳದ ಕಡೆ ಅದ,” ಎಂದರು. ನಗುತ್ತ ಹೇಳಿದರೂ ಅವರ ಮುಖ ಬಿಳುಪೇರಿತ್ತು.

ಅಲ್ಲಿಯೇ ನಿರ್ಧಾರವಾಯಿತು. ಬಿರುಕುಗಳು ಬಾಯಿ ತೆರೆದಿರುವಾಗಲೇ ಮೊದಲ ಮಳೆ ಬೀಳುತ್ತದೆ. ತಿಪ್ಪೆಯ ಸಾರವನ್ನು ತೊಳೆದುಕೊಂಡು ನೀರು ನೇರ ಕೆಳಗಿಳಿಯುತ್ತದೆ. ಆದ್ದರಿಂದ ಅದಕ್ಕೆ ಮುಂಚೆ ಬಾವಿಯ ಸುತ್ತಲಿನ ತಿಪ್ಪೆಗಳೆಲ್ಲ ಎದ್ದು ಹೋಗಬೇಕು, ನೆಲ ಕೆರೆಸಿ ಮೊರಂ ಎಂಬ ಗರಸು ಮಣ್ಣು ಹಾಕಿ ಬಿರುಕು ಮುಚ್ಚಬೇಕು. ಮಳೆ ಒಮ್ಮೆ ಬಿತ್ತೆಂದರೆ ಬಂಡಿ ನಡೆಯದು. ಆಗ ಮಾಡಲು ಏನೂ ಉಳಿಯುವುದಿಲ್ಲ. ಹುಕುಮಿನ ಪ್ರಕಾರ ಕಸ ಹೋಗಬೇಕಾದುದು ಊರ ಹೊರಗೆ, ಹಳ್ಳದ ಆಚೆಯ ಸರ್ಕಾರಿ ತಗ್ಗಿಗೆ.

ಮರುದಿನ ಬಂಡಿಗಳೊಂದಿಗೆ ಹೋದೆ. ಮುಂದಿನ ಬಂಡಿಯವನು ಹುಸೇನಸಾಬ, ಎತ್ತುಗಳೊಂದಿಗೂ ಮನುಷ್ಯರೊಂದಿಗೂ ಒಂದೇ ಧಾಟಿಯಲ್ಲಿ ಮಾತಾಡುವವನು. ನಮ್ಮ ಕೆಲಸಗಾರರು ಮೊದಲ ತಿಪ್ಪೆಗೆ ಸಲಿಕೆ ಹಾಕುವಷ್ಟರಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಹೊರಗೆ ಬಂದು ತಿಪ್ಪೆಗಳ ಮೇಲೆ ಹತ್ತಿ ನಿಂತರು. ಅಲ್ಲಿನ ವಾಡಿಕೆ ನನಗೆ ತಿಳಿದಿರಲಿಲ್ಲ: ತಿಪ್ಪೆಯ ಮೊದಲ ಬುಟ್ಟಿಯನ್ನು ಆ ಮನೆಯ ಹೆಣ್ಣುಮಗಳೇ, ಬಹುಮಟ್ಟಿಗೆ ಸೊಸೆಯೇ, ಕುಂಕುಮ ಇಟ್ಟು ಎತ್ತಬೇಕು. ಹೊರಗಿನ ಕೈ ಎತ್ತಿದರೆ ಮನೆಯ ಲಕ್ಷ್ಮಿ ಆ ಕೈಯ ಹಿಂದೆ ಹೋಗಿಬಿಡುತ್ತಾಳೆ. ಇಲ್ಲಿಯಂತೂ ಲಕ್ಷ್ಮಿ ಸರ್ಕಾರಿ ತಗ್ಗಿಗೆ ಹೋಗುವವಳಿದ್ದಳು.

ಗೌರವ್ವ ಎಲ್ಲರಿಗಿಂತ ಮುಂದೆ ನಿಂತಿದ್ದಳು.

“ಸಾಬ್ರ, ಸುಗ್ಗಿ ಕಾಲಕ್ಕ ನಮ್ಮ ರಾಶಿಗೆ ಬರ್ತೀರಿ, ಪಾಲು ಒಯ್ತೀರಿ. ಈಗ ತಿಪ್ಪಿಗೂ ಬಂದೀರಿ. ಇನ್ನ ಒಲಿ ಮ್ಯಾಲಿನ ಹಂಚು ಒಂದು ಉಳದದ ನೋಡ್ರಿ. ಬರ್ರಿ, ಒಳಗ ಬರ್ರಿ.”

“ಯವ್ವಾ, ನಿಮ್ಮ ಒಳ್ಳೇದಕ್ಕ ಮಾಡಾಕತ್ತೇವ್ರಿ. ನೀರು ಕೆಡ್ತದ,” ಎಂದೆ.

“ಒಳ್ಳೇದಕ್ಕ? ಹಂಗಾರ ನಮ್ಮ ಹೊಲಕ್ಕ ಹಾಕ್ರಿ. ಬರ್ತದೇನು ಸರ್ಕಾರದ ಬಂಡಿ ನಮ್ಮ ಹೊಲಕ್ಕ? ಕಂದಾಯ ಕೇಳಾಕ ಕುದುರಿ ಬರ್ತದ, ಗೊಬ್ಬರ ಹಾಕಾಕ ಬಂಡಿ ಬರಂಗಿಲ್ಲ.”

ಹೆಣ್ಣುಮಕ್ಕಳು ನಕ್ಕರು. ಬಂಡಿಗಳನ್ನು ತಿರುಗಿಸಿಕೊಂಡು ಬಂದೆ. “ಸಾಬ್ರ, ಎತ್ತಿಗೂ ನಾಚಿಕಿ ಆಗ್ಯಾದ, ತಲಿ ಎತ್ತವಲ್ಲವು,” ಎಂದು ಹುಸೇನಸಾಬ ದಾರಿಯುದ್ದಕ್ಕೂ ಹೇಳುತ್ತಿದ್ದ.

ಕಚೇರಿಯಲ್ಲಿ ನಡೆದುದನ್ನು ತಹಶೀಲ್ದಾರ ಸಾಹೇಬರಿಗೆ ನಿವೇದಿಸಿದೆ. ಗೌರವ್ವನ ಹೀಯಾಳಿಕೆಯನ್ನು ಮೃದುಗೊಳಿಸಿಯೇ ಹೇಳಿದೆ. ಅವರು ಪೊಲೀಸರನ್ನು ಕಳಿಸುತ್ತಾರೆಂದು ಅಂಜಿದ್ದೆ. ಅವರು ಹೇಳಿದ್ದು ಬೇರೆ:

“ಮುದುಕಿ ಏನಂದಳು, ಬಂಡಿ ಹೊಲಕ್ಕ ಬರ್ತದೇನು ಅಂದಳಾ? ಯಾಕ ಬರಬಾರದು?”

“ಹುಜೂರ್, ಹುಕುಮಿನಲ್ಲಿ ಸರ್ಕಾರಿ ತಗ್ಗು ಅಂತ ಅದ.”

“ಹುಕುಮು ಬರೆದವರಿಗೆ ಕಸ ಊರಾಗಿಂದ ಹೋಗೋದು ಬೇಕಾಗ್ಯದ. ಹೊಲ ಊರಾಗ ಅದ ಏನು? ನಾಳೆ ಮಳಿ ಬಂದ್ರ ತಗ್ಗಿಗೂ ಹೋಗಂಗಿಲ್ಲ, ಹೊಲಕ್ಕೂ ಹೋಗಂಗಿಲ್ಲ, ಬಾವಿಗೇ ಹೋಗ್ತದ. ಮೇಲಿನವರು ಕೇಳಿದ್ರ ನಾನು ಜವಾಬು ಕೊಡ್ತೇನಿ.”

ಮೇಲಧಿಕಾರಿ ಎಂಬುವವರು ಈ ಒಂದು ಮಾತನ್ನು ಹೇಳಬಲ್ಲವರಾದರೆ ಕೆಳಗಿನವನ ಅರ್ಧ ಆಯುಷ್ಯ ಉಳಿಯುತ್ತದೆ. ಉಳಿದ ಮೇಲಧಿಕಾರಿಗಳ ಬಗ್ಗೆ ಬರೆಯುವ ಅವಶ್ಯಕತೆ ಇಲ್ಲವೆಂದು ಭಾವಿಸುತ್ತೇನೆ.

ಸರ್ಕಾರಿ ಬಂಡಿ ಅವರವರ ಹೊಲಕ್ಕೇ ಹೋಗುತ್ತದೆ, ಮೊದಲ ಬುಟ್ಟಿ ಮನೆಯವರದೇ ಎಂದು ಡಂಗುರ ಹೊಡೆಸಿದೆವು. ಮೊದಲು ಯಾರೂ ನಂಬಲಿಲ್ಲ. ಒಬ್ಬಳು ತನ್ನ ಬುಟ್ಟಿ ಎತ್ತಿ, ಬಂಡಿಯ ಹಿಂದೆಯೇ ನಡೆದು ಹೊಲದವರೆಗೆ ಹೋಗಿ, ಅದು ತನ್ನ ಬದುವಿನೊಳಗೇ ಸುರುವಿದ್ದನ್ನು ನೋಡಿ ಬಂದು ಓಣಿಯಲ್ಲಿ ಸಾಕ್ಷಿ ಹೇಳಿದಳು. ಆಮೇಲೆ ಬಂಡಿಗಾಗಿ ಜಗಳವೇ ಆರಂಭವಾಯಿತು. ಮನೆಮನೆಯಿಂದ ಕುಂಕುಮದ ಬಟ್ಟಲು ಹೊರಬಂದವು. ಗಾಜು, ಚೂರು, ತಗಡು ಅವರ ತಿಪ್ಪೆಗಳಲ್ಲಿ ಒಂದೂ ಇರಲಿಲ್ಲ. ಬರಿಗಾಲಲ್ಲಿ ಬಿತ್ತುವವರು ಅದನ್ನು ಮೊದಲೇ ಬೇರೆ ಮಾಡಿರುತ್ತಾರೆ. ನಮ್ಮ ಕೆಲಸಗಾರರು ಉರಿಬಿಸಿಲಿನಲ್ಲಿ ತುಂಬಿದರು, ಸುರುವಿದರು, ಮತ್ತೆ ತುಂಬಿದರು. ಓಣಿಯವರು ಅವರ ಬೊಗಸೆಗೆ ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಯಾವ ಬಾವಿಯನ್ನು ಉಳಿಸಲು ಅವರು ದುಡಿಯುತ್ತಿದ್ದರೋ ಅದರ ಹಗ್ಗ ಮುಟ್ಟುವ ಅಧಿಕಾರ ಅವರಿಗಿರಲಿಲ್ಲ. ಇದನ್ನು ನಾನು ಆಗ ಯಾವ ವರದಿಯಲ್ಲಿಯೂ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಎಲ್ಲ ತಿಪ್ಪೆ ಎದ್ದವು, ಗೌರವ್ವನದೊಂದು ಉಳಿಯಿತು. ಬಾವಿಯ ಕಟ್ಟೆಗೆ ಅಂಟಿದಂತಿದ್ದ ತಿಪ್ಪೆ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು. ಬಂಡಿ ಹೂಡಿಕೊಂಡು ಹೋದರೆ ಆಕೆ ಹೊಸ್ತಿಲಲ್ಲಿ ಕುಳಿತಿದ್ದಳು.

“ಯವ್ವಾ, ನಿಮ್ಮದೊಂದು ಉಳದದ. ಮಳಿ ಬರಾಕತ್ತದ,” ಎಂದೆ.

“ಮೊದಲ ಬುಟ್ಟಿ ಸೊಸಿ ಎತ್ತಬೇಕು. ನನಗ ಸೊಸಿ ಇಲ್ಲ.”

“ನೀವು ಎತ್ತಿದ್ರ ನಡೀತದಲ್ರಿ. ಮನಿಯವರೇ ಅಲ್ಲೇನು?”

ಆಕೆ ತಿಪ್ಪೆಯ ಕಡೆ ಕೈ ಮಾಡಿದಳು. “ಆಕಿ ಹಾಕಿದ ಬೂದಿ ಅದ್ರಾಗ ಅದ. ಮುಂಜಾನೆದ್ದು ಒಲಿ ಬಳಕೊಂಡು ಬಂದು ಅಲ್ಲೇ ಹಾಕಾಕಿ. ಹೋದ ಮ್ಯಾಲ ನಾ ಅದನ್ನ ಕೆದರಿಲ್ಲ. ಒಂದು ವರ್ಸ ಹೊಲಕ್ಕೂ ಒಯ್ದಿಲ್ಲ.”

ಹುಸೇನಸಾಬ ಎತ್ತುಗಳ ಹಗ್ಗ ಹಿಡಿದು ಮುಖ ಆ ಕಡೆ ತಿರುಗಿಸಿದ. ಮುದುಕಿ ಇದ್ದಕ್ಕಿದ್ದಂತೆ ನನ್ನ ಕಡೆ ನೋಡಿ ಕೇಳಿದಳು:

“ದಾರೋಗಾ ಸಾಬ್ರ, ಖರೇ ಹೇಳ್ರಿ. ತಿಪ್ಪಿ ನೀರು ಬಾವಿಗೆ ಇಳೀತದ ಅಂತೀರಿ. ಹಂಗಾರ ಹೋದ ವರ್ಸ ಇದ ತಿಪ್ಪಿ ಆಕಿನ್ನ ಒಯ್ತೇನು?”

ನೌಕರಿಯಲ್ಲಿ ನನಗೆ ಅನೇಕರು ಅನೇಕ ಪ್ರಶ್ನೆ ಕೇಳಿದ್ದಾರೆ. ಇದಕ್ಕಿಂತ ಕಠಿಣವಾದುದನ್ನು ಯಾರೂ ಕೇಳಿಲ್ಲ. ‘ಇಲ್ಲ’ ಎಂದರೆ ಆಕೆಗೆ ಸಮಾಧಾನ. ಆದರೆ ತಿಪ್ಪೆ ಅಲ್ಲಿಯೇ ಉಳಿಯುತ್ತದೆ. ‘ಹೌದು’ ಎನ್ನುವಷ್ಟು ನನಗೂ ತಿಳಿಯದು.

“ನನಗ ಗೊತ್ತಿಲ್ರಿ ಯವ್ವಾ,” ಎಂದೆ. “ಆಗಿದ್ರೂ ಆಗಿರಬೇಕು. ಆಗಿರ್ಲಿಕ್ಕೂ ಇಲ್ಲ. ಈ ವರ್ಸ ಯಾರನ್ನೂ ಒಯ್ಯಬಾರದು, ಅಷ್ಟು ಗೊತ್ತದ.”

ಆಕೆ ಎದ್ದಳು. ಒಳಗೆ ಹೋಗಿ ಬುಟ್ಟಿ ತಂದಳು. ಕುಂಕುಮ ತರಲಿಲ್ಲ. ಎರಡೂ ಕೈಯಿಂದ ತಿಪ್ಪೆಯ ಮೇಲ್ಮೈಯನ್ನು ಬಗೆದು, ಬೂದಿ ಬಣ್ಣದ ಒಂದು ಪದರವನ್ನು ಬುಟ್ಟಿಗೆ ತುಂಬಿಕೊಂಡು ತಲೆಯ ಮೇಲಿಟ್ಟುಕೊಂಡಳು. ಬಂಡಿಗೆ ಹಾಕಲಿಲ್ಲ. ತಾನೇ ಹೊತ್ತುಕೊಂಡು ಹೊಲದ ದಾರಿ ಹಿಡಿದಳು. ಹುಸೇನಸಾಬ ಉಳಿದುದನ್ನು ತುಂಬಿಸಿಕೊಂಡು, ಆಕೆಯನ್ನು ದಾಟಿ ಮುಂದೆ ಹೋಗದೆ, ಎತ್ತುಗಳನ್ನು ತಡೆತಡೆದು ಆಕೆಯ ಹಿಂದೆಯೇ ನಡೆಸಿದನು.

ನೆಲ ಕೆರೆಸಿದೆವು, ಮೊರಂ ಹಾಕಿ ಗಟ್ಟಿಯಾಗುವಂತೆ ದಮ್ಮಸು ಹೊಡೆಸಿದೆವು. ಕೊನೆಯ ಬಂಡಿ ಊರೊಳಗೆ ಬರುವಾಗ ದೊಡ್ಡ ದೊಡ್ಡ ಹನಿ ಬೀಳುತ್ತಿದ್ದವು. ಎಂಥ ಮಳೆ ಎಂದರೆ, ಹೊಲದ ದಾರಿ ನೋಡನೋಡುತ್ತಿದ್ದಂತೆ ಕೆಸರಾಗಿ ಹೋಯಿತು. ನಾನು ಬಾವಿಯ ಬಳಿ ನೆನೆಯುತ್ತ ನಿಂತು ನೋಡಿದೆ. ನೀರು ಮೊರಮಿನ ಮೇಲೆ ನಿಂತಿತು, ಆಮೇಲೆ ನಿಧಾನವಾಗಿ ಓಣಿಯ ಹೊರಗೆ ಹರಿಯಿತು. ಹರಿಯುವ ನೀರನ್ನು ನೋಡಿ ನನಗೆ ಆದಷ್ಟು ಸಂತೋಷ ಬೇರೆ ಯಾರಿಗೂ ಆಗಿರಲಾರದು.

ಮಳೆ ನಿಂತ ಮೇಲೆ ಡಾಕ್ಟರ ಸಾಹೇಬರು ಬಾವಿಗೆ ಕೆಂಪು ಔಷಧಿ ಹಾಕಿಸಿ, ಕೆಲವು ದಿನ ಬಿಟ್ಟು ನೀರು ಯೋಗ್ಯವೆಂದು ಹೇಳಿದರು. ಆ ಮಾತನ್ನು ಡಂಗುರದ ಮೂಲಕ ತಿಳಿಸಿದೆವು. ಆದರೆ ಯಾರೂ ಕೊಡ ತರಲಿಲ್ಲ. ಮಳೆ ಬಿದ್ದಂದಿನಿಂದ ದೂರದ ಸವುಳು ಬಾವಿಗೇ ಹೋಗುತ್ತಿದ್ದರು. ಹಿಂದಿನ ವರ್ಷದ ಅಂಜಿಕೆ ಡಂಗುರಕ್ಕೆ ಹೋಗುವಂಥದಾಗಿರಲಿಲ್ಲ. ಒಂದು ಮುಂಜಾನೆ ನಾನು ಕಟ್ಟೆಯ ಬಳಿ ನಿಂತಿದ್ದಾಗ ಗೌರವ್ವ ತಾನೇ ಒಂದು ತಂಬಿಗೆ ನೀರು ಸೇದಿಕೊಂಡು ಬಂದಳು.

“ನೀರು ಛಲೋ ಅದ ಅಂತ ಸಾರಿಸೀರಿ.”

“ಹೌದ್ರಿ ಯವ್ವಾ. ಡಾಕ್ಟರ್ ಸಾಹೇಬ್ರೂ ನೋಡ್ಯಾರ.”

“ನೋಡ್ಯಾರ. ಕುಡದಾರೇನು?”

“ಇಲ್ರಿ.”

“ನೀವು?”

ಉತ್ತರ ಹೇಳುವ ಬದಲು ತಂಬಿಗೆ ತೆಗೆದುಕೊಂಡು ಪೂರ್ತಿ ಕುಡಿದೆ. ಔಷಧಿಯ ಒಗರು ನಾಲಿಗೆಗೆ ಹತ್ತಿತು. ತಂಬಿಗೆ ಹಿಂತಿರುಗಿಸಿ ಹೊರಡಲು ಅಣಿಯಾದೆ.

“ಎಲ್ಲಿ ಹೊಂಟ್ರಿ? ಕೂಡ್ರಿ ಇಲ್ಲೇ. ಹೊಟ್ಟಿ ಮಾತಾಡಾಕ ಹೊತ್ತು ಹಿಡೀತದ.”

ಹೀಗೆ ಸರ್ಕಾರಿ ನೌಕರನಾದ ನಾನು ಕಟ್ಟೆಯ ಪಕ್ಕದ ಬೇವಿನ ಗಿಡದ ಕೆಳಗೆ, ಇಡೀ ಓಣಿಯ ಕಣ್ಣೆದುರು, ಕುಳಿತೆ. ಹೋಗುವವರು ಬರುವವರು ನಿಂತು ನನ್ನ ಮುಖ ನೋಡಿ ಹೋಗುತ್ತಿದ್ದರು. ಯಾರೋ ಒಬ್ಬ ತಾಯಿ ಕರುಣೆಯಿಂದ ರೊಟ್ಟಿ, ಪುಂಡಿ ಪಲ್ಯ ತಂದಳು. ಗೌರವ್ವ ತಡೆದಳು.

“ಬ್ಯಾಡ. ನಿನ್ನ ಪಲ್ಯ ತಿಂದು ಹೊಟ್ಟಿ ಕೆಟ್ರ ನೀರಿಗೆ ಕೆಟ್ಟ ಹೆಸರು ಬರ್ತದ. ಬೇಕಾದ್ರ ಇನ್ನೊಂದು ತಂಬಗಿ ನೀರು ಕೊಡು.”

ಕೊಟ್ಟಳು. ಕುಡಿದೆ. ಮಧ್ಯಾಹ್ನ ಹುಸೇನಸಾಬ ಬಂದು ಪಕ್ಕದಲ್ಲಿ ಕುಳಿತ. “ಸಾಬ್ರ, ಮಾರಿ ಸ್ವಲ್ಪ ನಗಸ್ರಿ. ನೀವು ಹಿಂಗ ಕುಂತ್ರ ಜನ ಅಂಜಾಕತ್ತಾರ,” ಎಂದ. ಹಸಿವಿನಿಂದ ನನ್ನ ಹೊಟ್ಟೆ ಒಮ್ಮೆ ಗುರುಗುಟ್ಟಿತು. ಎದುರಿನ ಮನೆಯ ಹೆಣ್ಣುಮಗಳು ತಟ್ಟನೆ ಬಾಗಿಲು ಮುಚ್ಚಿಕೊಂಡಳು.

ಒಂದು ಹಗಲಿನ ಪರೀಕ್ಷೆ ಸಾಲದೆಂಬುದು ನನಗೆ ತಿಳಿದಿತ್ತು. ಅದನ್ನು ಅವರಿಗೆ ಹೇಳುವ ಧೈರ್ಯವಾಗಲಿಲ್ಲ. ಮನಸ್ಸಿನಲ್ಲಿಯೇ ದಿನಗಳ ಲೆಕ್ಕ ಹಾಕುತ್ತ ಕುಳಿತಿದ್ದೆ. ಆ ಮಳೆಗಾಲ ಮುಗಿಯುವವರೆಗೂ ಆ ಓಣಿಯಲ್ಲಿ ಯಾರಿಗೂ ವಾಂತಿಭೇದಿ ಆಗಲಿಲ್ಲ ಎಂಬುದನ್ನು ಇಲ್ಲಿಯೇ ತಿಳಿಸಿಬಿಡುತ್ತೇನೆ, ಓದುವವರೂ ನನ್ನಂತೆ ಕಾಯಬಾರದಷ್ಟೆ.

ಹೊತ್ತು ಇಳಿಯಿತು. ನನಗೆ ಏನೂ ಆಗಿರಲಿಲ್ಲ. ಗೌರವ್ವ ಹತ್ತಿರ ಬಂದು, ನನ್ನ ಕಣ್ಣು ನೋಡಿದಳು, ನಾಲಿಗೆ ನೋಡಿದಳು, ಎತ್ತು ಕೊಳ್ಳುವವರು ನೋಡುವ ಹಾಗೆ ನೋಡಿದಳು. ಆಮೇಲೆ ಓಣಿಯ ಕಡೆ ತಿರುಗಿ ತಲೆಯಾಡಿಸಿದಳು. ಬಾಗಿಲುಗಳು ಒಂದೊಂದಾಗಿ ತೆರೆದವು. ಕೊಡ ಹಿಡಿದು ಬಂದ ಹೆಣ್ಣುಮಕ್ಕಳು ಕಟ್ಟೆಗೆ ಬಂದು, ನನ್ನನ್ನು ನೋಡಿ, ಸೆರಗು ಎಳೆದುಕೊಂಡು ಅಲ್ಲಿಯೇ ನಿಂತರು. ಯಾರೂ ಹಗ್ಗ ಇಳಿಬಿಡಲಿಲ್ಲ. ನಾನು ಗೌರವ್ವನ ಕಡೆ ತಿರುಗಿದೆ.

“ಇನ್ನೇನ್ರಿ ಯವ್ವಾ? ಇನ್ನೂ ನಂಬಿಕಿ ಇಲ್ಲೇನು?”

“ನಂಬಿಕಿ ಅದರಿ,” ಎಂದಳು ಗೌರವ್ವ. “ನೀವು ಎದ್ದು ಮನಿಗೆ ಹೋಗ್ರಿ. ಗಂಡಸು ಹಿಂಗ ಕಟ್ಟಿ ಬಾಜೂಕ ಕುಂತ್ರ ಹೆಣ್ಮಕ್ಕಳು ನೀರು ಹ್ಯಾಂಗ ಸೇದಬೇಕು?”

ನಾನು ಎದ್ದು ನಡೆದೆ. ಓಣಿಯ ತಿರುವು ದಾಟುವ ಮುನ್ನವೇ ಬಾವಿಯ ಗಡಗಡಿ ತಿರುಗುವ ಸದ್ದು ಹಿಂದಿನಿಂದ ಕೇಳಿಬಂತು.